ಕೆಂಪು ಟ್ಯೂಬಿನ ಉಂಗುರ

ಎರಡು ವರ್ಷದ ಹಿಂದೆ ಮೈಸೂರಿನ ದಸರಾ ವಸ್ತುಪ್ರದರ್ಶನದಿಂದ ವಾಪಸ್ ಬರುವಾಗ ಮಗಳ ಕೈಯಲ್ಲಿ ಒಂದು ರಬ್ಬರ್ ಬ್ಯಾಂಡ್ ಗನ್ ಇತ್ತು. ಮರದ್ದು. ಒಂದಡಿಗೆ ಸ್ವಲ್ಪ ಕಡಿಮೆ ಉದ್ದ. ಮೂತಿಯಲ್ಲಿ ಒಂದು ಕಚ್ಚು, ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪಿನ ಥರದ್ದೇ ಒಂದು ಕ್ಲಿಪ್ಪು. ರಬ್ಬರ್ ಬ್ಯಾಂಡಿನ ಒಂದು ತುದಿಯನ್ನು ಮೂತಿಗೆ ಸಿಕ್ಕಿಸಿ, ಇನ್ನೊಂದನ್ನು ಎಳೆದು ಕ್ಲಿಪ್ಪಿನ ಬಾಯಿಗೆ ಕೊಡಬೇಕು. ಕ್ಲಿಪ್ ಒತ್ತಿದರೆ ಬ್ಯಾಂಡ್ ಹಾರುತ್ತದೆ. ಅಷ್ಟೇ ಅದರ ಯಂತ್ರ.

ಜೊತೆಗೆ 20 ಬ್ಯಾಂಡ್ ಕೊಟ್ಟಿದ್ದರು. ಮೂರನೇ ದಿನಕ್ಕೆ ಅರ್ಧ ಮಂಚದಡಿ, ಫ್ರಿಜ್ಜಿನ ಹಿಂದೆ, ಬಾಲ್ಕನಿಯಿಂದ ಕೆಳಗೆ ಹೋಗಿದ್ದವು. ಉಳಿದರ್ಧ ತುಂಡಾಗಿದ್ದವು. ಸ್ಟೇಷನರಿ ಅಂಗಡಿಯಿಂದ ಒಂದು ಪೊಟ್ಟಣ ತಂದೆ. ಹೂವಿನ ಕಟ್ಟಿಗೆ, ಕೊತ್ತಂಬರಿ ಸೊಪ್ಪಿಗೆ ಸುತ್ತುವ ತೆಳ್ಳಗಿನ ಬ್ಯಾಂಡು. ಎಳೆದರೆ ಕೆಲವು ಪಟ್ ಅಂತ ಹರಿದವು. ಹರಿಯದೆ ಉಳಿದವು ಮೂತಿಯಿಂದ ಎರಡು ಮಾರು ಹೋಗಿ ಸುಸ್ತಾಗಿ ಬಿದ್ದವು.

"ಅಪ್ಪಾ, ಗುಂಡು ಖಾಲಿ" ಅಂದಳು.

"ಮನೇಲೇ ಮಾಡೋಣ ತಡಿ" ಅಂದುಬಿಟ್ಟೆ. ಅಂದ ಕೂಡಲೇ ಮೂಗಿಗೆ ಒಂದು ವಾಸನೆ ಬಂದ ಹಾಗಾಯಿತು. ಪಂಚರ್ ಹಾಕುವ ಸಲ್ಯೂಷನ್ ವಾಸನೆ. ಮೂವತ್ತೈದು ವರ್ಷ ಹಿಂದಿನದು.

ನಮ್ಮ ಚಿಕ್ಕಪ್ಪನದು ಅರಸೀಕೆರೆಯಲ್ಲಿ ಸೈಕಲ್ ಶಾಪ್. ಅಂಗಡಿ ಅಂದರೆ ತಗಡಿನ ಚಾವಣಿ, ಮುಂದೆ ಒಂದು ಬೇವಿನ ಮರ, ಮರಕ್ಕೆ ನೇತುಹಾಕಿದ ಹಳೇ ಟೈರುಗಳು. ತೆಂಗಿನಕಾಯಿ, ಕೊಬ್ಬರಿ ಹೊರುವ ಸೈಕಲ್ಲುಗಳೇ ಜಾಸ್ತಿ ಬರುತ್ತಿದ್ದವು. ಆ ಭಾರಕ್ಕೆ ಟ್ಯೂಬುಗಳು ಬೇಗ ಸಾಯುತ್ತಿದ್ದವು. ತೇಪೆಯ ಮೇಲೆ ತೇಪೆ ಬಿದ್ದು, ಇನ್ನು ಜಾಗವೇ ಇಲ್ಲ ಅನ್ನುವ ಹೊತ್ತಿಗೆ ಚಿಕ್ಕಪ್ಪ ಅವನ್ನು ಮೂಲೆಯ ಗೂಟಕ್ಕೆ ಹಾಕುತ್ತಿದ್ದರು. ಬೇಸಿಗೆ ರಜೆಯಲ್ಲಿ ಆ ಗೂಟ ನನ್ನದು.

ಸಣ್ಣ ತೂತು ಹುಡುಕುವ ಅವರ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಲ್ಲರೂ ಮಾಡುವ ಹಾಗೆ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದರು. ಆದರೆ ಅದಕ್ಕೂ ಮುಂಚೆ ಗಾಳಿ ತುಂಬಿದ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತಿದ್ದರು. ತುಟಿಗೆ ತಣ್ಣಗೆ ಗಾಳಿ ತಗುಲಿದ ಕಡೆ ನಿಲ್ಲಿಸಿ, ಉಗುರಿನಲ್ಲಿ ಗುರುತು ಮಾಡುತ್ತಿದ್ದರು. "ಕಣ್ಣಿಗೆ ಕಾಣದ್ದು ತುಟಿಗೆ ಗೊತ್ತಾಗುತ್ತೆ ಮಗಾ" ಅನ್ನುತ್ತಿದ್ದರು.

ಅಲ್ಲೇ ನಾನು ಗುಂಡು ಕತ್ತರಿಸಲು ಕಲಿತದ್ದು. ಗನ್ನು ಮಾಡುವುದು ಅರ್ಧ ಗಂಟೆಯ ಕೆಲಸ. ಒಂದು ರೀಪರ್ ತುಂಡು, ಒಂದು ಬಟ್ಟೆ ಕ್ಲಿಪ್ಪು, ಎರಡು ಮೊಳೆ ಸಾಕು. ಕಷ್ಟ ಇರುವುದೆಲ್ಲ ಗುಂಡಿನಲ್ಲಿ. ಯಾಕೆ ಅಂತ ಯೋಚಿಸಿದ್ದೀರಾ? ಕೋವಿಯಲ್ಲಿ ಮದ್ದು ಬೇರೆ, ಗುಂಡು ಬೇರೆ. ಕವಣೆಯಲ್ಲಿ ರಬ್ಬರ್ ಕೈಯಲ್ಲೇ ಉಳಿಯುತ್ತದೆ, ಕಲ್ಲು ಹೋಗುತ್ತದೆ. ಮಲೆನಾಡಿನ ಮಕ್ಕಳ ಪೆಟ್ಲು ನೋಡಿ, ಬಿದಿರಿನ ಕೊಳವೆಯ ತುದಿಗೆ ಒಂದು ಹಸಿರು ಕಾಯಿ ತಳ್ಳಿ, ಹಿಂದಿನಿಂದ ಇನ್ನೊಂದು ಕಾಯಿ ಒತ್ತಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನ ಕಾಯಿಯನ್ನು ಟಪ್ ಅಂತ ಹಾರಿಸುತ್ತದೆ. ಅಲ್ಲಿ ಗಾಳಿಯೇ ಮದ್ದು. ಛತ್ತೀಸಗಢದ ಜಗದಲ್‌ಪುರದಲ್ಲಿ ಜಗನ್ನಾಥನ ರಥಯಾತ್ರೆಯ ಗೋಂಚಾ ಹಬ್ಬಕ್ಕೆ ಇಂಥದ್ದೇ ಬಿದಿರಿನ ತುಪ್ಕಿಯಲ್ಲಿ ಪೆಂಗು ಅನ್ನುವ ಕಾಯಿ ಹಾರಿಸಿ ದೇವರಿಗೆ ಸಲಾಮಿ ಕೊಡುತ್ತಾರೆ. ಆದರೆ ರಬ್ಬರ್ ಬ್ಯಾಂಡ್ ಗನ್ನಿನಲ್ಲಿ ಮದ್ದೂ ಅದೇ, ಗುಂಡೂ ಅದೇ. ತನ್ನ ಬಲದಿಂದ ತಾನೇ ಹಾರಿ ಹೋಗುವ ಗುಂಡು. ಹಾಗಾಗಿ ಉಂಗುರದಲ್ಲಿ ಎಲ್ಲಾದರೂ ತಪ್ಪಿದ್ದರೆ ಅದನ್ನು ಮುಚ್ಚಿಡಲು ಬೇರೆ ಯಾವ ಜಾಗವೂ ಇಲ್ಲ.

ಮಗಳನ್ನು ಕರೆದುಕೊಂಡು ನಮ್ಮ ಬಡಾವಣೆಯ ಸೈಕಲ್ ಅಂಗಡಿಗೆ ಹೋದೆ. ಹಳೇ ಟ್ಯೂಬು ಇದೆಯಾ ಅಂದೆ. ಅಂಗಡಿಯವರು ಎರಡು ಎಳೆದುಕೊಟ್ಟರು. ದುಡ್ಡು ಬೇಡ ಅಂದರು. "ಯಾತಕ್ಕೆ ಸಾರ್?" ಅಂತ ಕೇಳಿದರು. ಮಗಳು ಗನ್ ತೋರಿಸಿದಳು. ಅವರ ಮುಖ ಅರಳಿತು. ಒಳಗೆ ಹೋಗಿ ಇನ್ನೊಂದು ತಂದರು.

ಒಂದು ಟ್ಯೂಬಿನಲ್ಲಿ ಎಷ್ಟು ಗುಂಡು ಬರುತ್ತದೆ ಅಂತ ಅವಳಿಗೆ ಲೆಕ್ಕ ಹಾಕಲು ಹೇಳಿದೆ. ದೊಡ್ಡವರ 28 ಇಂಚಿನ ಸೈಕಲ್ಲಿನ ಟ್ಯೂಬನ್ನು ಒಂದು ಕಡೆ ಕತ್ತರಿಸಿ ಬಿಡಿಸಿದರೆ ಹತ್ತಿರ ಹತ್ತಿರ 2 ಮೀಟರ್ ಉದ್ದ. 4 ಮಿಲಿಮೀಟರ್ ಅಗಲಕ್ಕೆ ಒಂದರಂತೆ ಕತ್ತರಿಸಿದರೆ 500 ಉಂಗುರ. ವಾಲ್ವ್ ಇರುವ ಜಾಗ, ತೇಪೆ ಹಾಕಿದ ಜಾಗ, ಕೈ ತಪ್ಪಿ ಓರೆಯಾದವು, ಇವನ್ನೆಲ್ಲ ಬಿಟ್ಟರೂ 400ಕ್ಕೆ ಮೋಸವಿಲ್ಲ. "ನಾನೂರು!" ಅಂತ ಬಾಯಿ ಬಿಟ್ಟಳು.

ಮೊದಲು ಟ್ಯೂಬನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೊರಗೆ ರಸ್ತೆಯ ಮಣ್ಣು, ಒಳಗೆ ಬಿಳಿ ಪುಡಿ. ಟ್ಯೂಬಿನ ಎರಡು ಗೋಡೆ ಅಂಟಿಕೊಳ್ಳದಿರಲಿ ಅಂತ ತಯಾರಿಸುವಾಗಲೇ ಹಾಕಿರುವ ಪುಡಿ ಅದು. ಆಮೇಲೆ ಹಲಗೆಯ ಮೇಲೆ ಚಪ್ಪಟೆಯಾಗಿ ಮಲಗಿಸಿ, ಸ್ಕೇಲ್ ಇಟ್ಟು ಬಿಳಿ ಪೆನ್ಸಿಲ್ಲಿನಲ್ಲಿ ಗೆರೆ ಹಾಕಬೇಕು. ಟ್ಯೂಬು ಹುಟ್ಟಾ ಸ್ವಲ್ಪ ಬಾಗಿರುತ್ತದೆ, ರಿಮ್ಮಿನ ಸುತ್ತ ಕೂರಬೇಕಲ್ಲ. ಹಾಗಾಗಿ ಒಂದೇ ಸಲ ಪೂರ್ತಿ ಉದ್ದಕ್ಕೆ ಗೆರೆ ಹಾಕಿದರೆ ಗೆರೆಗಳೆಲ್ಲ ಓರೆ. ಗೇಣು ಗೇಣಾಗಿ ತುಂಡು ಮಾಡಿಕೊಂಡು ಹಾಕಿದರೆ ನೆಟ್ಟಗೆ ಬರುತ್ತದೆ.

ಕತ್ತರಿಯನ್ನು ಪ್ರತಿ ನಾಲ್ಕೈದು ಉಂಗುರಕ್ಕೊಮ್ಮೆ ನೀರಿನಲ್ಲಿ ಅದ್ದಬೇಕು. ಇದು ಚಿಕ್ಕಪ್ಪನ ಪಾಠ. ಒಣ ಕತ್ತರಿ ರಬ್ಬರನ್ನು ಹಿಡಿದು ಜಗಿಯುತ್ತದೆ. ಅಂಚು ಹಲ್ಲು ಹಲ್ಲಾಗುತ್ತದೆ. ಒದ್ದೆ ಕತ್ತರಿ ಜಾರಿಕೊಂಡು ಹೋಗುತ್ತದೆ. ಒಂದೇ ಏಟಿಗೆ ಈ ಅಂಚಿನಿಂದ ಆ ಅಂಚಿಗೆ ಹೋಗಬೇಕು, ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅಲ್ಲೊಂದು ಕೂದಲೆಳೆಯಷ್ಟು ಕಚ್ಚು ಉಳಿಯುತ್ತದೆ. ಸುಮ್ನೆ ಬಿದ್ದಿರುವಾಗ ಆ ಕಚ್ಚು ಕಣ್ಣಿಗೂ ಕಾಣುವುದಿಲ್ಲ. ಎಳೆದಾಗ ಎಳೆತವೆಲ್ಲ ಅದೇ ಜಾಗಕ್ಕೆ ಬಂದು ಸೇರುತ್ತದೆ. ಬಾಯಿ ಬಿಡುತ್ತದೆ, ಬಿಡುತ್ತದೆ, ಆಮೇಲೆ ಪಟ್. ಹರಿದ ತುದಿ ಹಿಂದಕ್ಕೆ ಬಂದು ಹಾರಿಸುವವರ ಕೈಗೇ ಬಡಿಯುತ್ತದೆ.

ಅದಕ್ಕೆ ಪ್ರತಿ ಉಂಗುರವನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಎರಡು ಬೆರಳಲ್ಲಿ ಮೆಲ್ಲಗೆ ಹಿಗ್ಗಿಸಿ, ಸುತ್ತಲೂ ತಿರುಗಿಸಿ ನೋಡಬೇಕು. ನನ್ನ ಮಗಳಿಗೆ ಈ ಕೆಲಸ ಹಿಡಿಸಿತು. ಬಾಲ್ಕನಿ ಬಾಗಿಲ ಹತ್ತಿರ ಚಕ್ಕಂಬಕ್ಕಲ ಹಾಕಿ ಕೂತು, ಒಂದೊಂದನ್ನೇ ಎತ್ತಿ ನೋಡಿ, ಒಳ್ಳೆಯವನ್ನು ಸ್ಟೀಲ್ ಡಬ್ಬಿಗೂ ಕೆಟ್ಟವನ್ನು ಕಸಕ್ಕೂ ಹಾಕುತ್ತಿದ್ದಳು. ಒಂದು ಕಡೆ ಅಗಲ, ಒಂದು ಕಡೆ ಸಣ್ಣ ಇದ್ದವನ್ನೂ ಕಸಕ್ಕೇ ಹಾಕಿದಳು. ಅವು ನೇರ ಹೋಗುವುದಿಲ್ಲ, ಪಕ್ಕಕ್ಕೆ ಎಳೆಯುತ್ತವೆ ಅಂತ ಅವಳೇ ಹಾರಿಸಿ ಕಂಡುಕೊಂಡಿದ್ದಳು.

ಎಲ್ಲ ಸರಿಯಾಗಿ ಕತ್ತರಿಸಿದ್ದೆವು. ಗನ್ನಿನ ಮೂತಿಯಿಂದ ಕ್ಲಿಪ್ಪಿಗೆ 9 ಇಂಚು. ಉಂಗುರ ಮಲಗಿದ್ದಾಗ ಎರಡು ಇಂಚಿಗೆ ಸ್ವಲ್ಪ ಕಡಿಮೆ. ಅಂದರೆ ನಾಲ್ಕೂವರೆ, ಐದು ಪಟ್ಟು ಎಳೆತ. ಸರಿಯಾದ ಲೆಕ್ಕವೇ. ಆದರೂ ಗುಂಡು ನಮ್ಮ ಹಾಲಿನ ಆಚೆ ಗೋಡೆ ಮುಟ್ಟಲಿಲ್ಲ. 18 ಅಡಿ ಹಾಲು ನಮ್ಮದು. ಹನ್ನೆರಡು ಅಡಿಗೇ ನೆಲಕ್ಕೆ ಇಳಿದವು. ಹೊಡೆತದಲ್ಲಿ ಚುರುಕಿಲ್ಲ. ಮಗಳು ನನ್ನ ಮುಖ ನೋಡಿದಳು.

ಆಗ ನೆನಪಾಯಿತು ಕೆಂಪು ಟ್ಯೂಬು.

ಚಿಕ್ಕಪ್ಪನ ಗೂಟದಲ್ಲಿ ಎರಡು ಥರದ ಟ್ಯೂಬು ಇರುತ್ತಿದ್ದವು. ಕಪ್ಪಿನವು ರಾಶಿ. ಕೆಂಪಿನವು ಅಪರೂಪ, ಯಾರದೋ ಹಳೇ ಸೈಕಲ್ಲಿನಿಂದ ಬಂದವು. ಇಟ್ಟಿಗೆ ಬಣ್ಣ, ಮುಟ್ಟಿದರೆ ಮೆತ್ತಗೆ. ಆ ಕೆಂಪಿನ ಉಂಗುರ ಹಾರಿದರೆ ಬೇವಿನ ಮರದಾಚೆ. ಕಪ್ಪಿನದು ಅದರ ಅರ್ಧ ದೂರ. ಒಂದೇ ಕತ್ತರಿ, ಒಂದೇ ಗನ್ನು, ಒಂದೇ ಅಳತೆ. ನಮ್ಮ ಬೀದಿಯ ಹುಡುಗರಲ್ಲಿ ಒಂದು ಕೆಂಪಿಗೆ ಐದು ಕಪ್ಪು ಅನ್ನುವ ರೇಟು ಇತ್ತು. ಕವಣೆ ಮಾಡುವವರೂ ಕೆಂಪನ್ನೇ ಕೇಳಿಕೊಂಡು ಬರುತ್ತಿದ್ದರು.

ಯಾಕೆ ಹೀಗೆ ಅಂತ ಚಿಕ್ಕಪ್ಪನನ್ನು ಕೇಳಿದ್ದೆ. ಅವರು ಚಕ್ರದಿಂದ ಕಣ್ಣೆತ್ತದೆ ಹೇಳಿದ್ದು ಇಷ್ಟು: "ಕೆಂಪು ಟ್ಯೂಬಿಗೆ ವಾರ ವಾರ ಗಾಳಿ ಹೊಡೀಬೇಕು. ಕಪ್ಪಿಗೆ ತಿಂಗಳಾದ್ರೂ ಬೇಡ. ಗಾಳಿ ಬಿಡೋದೇ ಚೆನ್ನಾಗಿ ಹಾರೋದು ಕಣೋ."

ಆಗ ಅದು ಉತ್ತರ ಅಂತ ಅನ್ನಿಸಿರಲಿಲ್ಲ. ಗಾಳಿಗೂ ಹಾರುವುದಕ್ಕೂ ಏನು ಸಂಬಂಧ ಅಂತ ಬಿಟ್ಟುಬಿಟ್ಟಿದ್ದೆ. ಈ ಸಲ ಮಗಳಿಗೆ ಹೇಳಬೇಕಲ್ಲ ಅಂತ ಕೂತು ಓದಿದೆ. ಓದುತ್ತಾ ಓದುತ್ತಾ ಚಿಕ್ಕಪ್ಪ ಹೇಳಿದ್ದು ಎಷ್ಟು ಸರಿ ಅಂತ ಮೈ ಜುಮ್ಮೆಂದಿತು.

ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಪ್ಪು ಬರುವುದು ರಬ್ಬರಿಗೆ ಬೆರೆಸುವ ಮಸಿಯಿಂದ, ಯಾವ ರಬ್ಬರಿಗೆ ಬೇಕಾದರೂ ಬೆರೆಸಬಹುದು. ವ್ಯತ್ಯಾಸ ಇರುವುದು ಒಳಗಿನ ರಬ್ಬರಿನಲ್ಲಿ. ಕೆಂಪು ಟ್ಯೂಬುಗಳು ಮರದ ಹಾಲಿನ ರಬ್ಬರಿನವು. ಆ ಕಪ್ಪು ಟ್ಯೂಬುಗಳು ಬ್ಯೂಟೈಲ್ ರಬ್ಬರಿನವು. ಅದು ಪೆಟ್ರೋಲಿಯಂನಿಂದ ಮಾಡುವ ರಬ್ಬರು. 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯಲ್ಲಿದ್ದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಅದನ್ನು ಮಾಡಿದರು. 1942ರಲ್ಲಿ ಜಪಾನ್ ಮಲಯಾವನ್ನು ಹಿಡಿದ ಮೇಲೆ ಅಮೆರಿಕಕ್ಕೆ ಮರದ ರಬ್ಬರ್ ಬರುವುದು ಬಹುಪಾಲು ನಿಂತುಹೋಯಿತು. ಟ್ಯೂಬುಗಳಿಗೆ ಬ್ಯೂಟೈಲ್ ಬಂದು ಕೂತದ್ದು ಆ ಯುದ್ಧದ ಕಾಲದಲ್ಲಿ.

ರಬ್ಬರ್ ಅಂದರೆ ಉದ್ದುದ್ದ ದಾರಗಳ ಸಿಕ್ಕು ಅಂದುಕೊಳ್ಳಿ. ಮರದ ರಬ್ಬರಿನ ದಾರ ನುಣ್ಣಗಿರುತ್ತದೆ. ಎಳೆದರೆ ಸುಲಭವಾಗಿ ಬಿಚ್ಚಿಕೊಂಡು ಸಾಲಾಗುತ್ತದೆ, ಬಿಟ್ಟರೆ ಅಷ್ಟೇ ಸುಲಭವಾಗಿ ಮತ್ತೆ ಸಿಕ್ಕಾಗುತ್ತದೆ. ಬ್ಯೂಟೈಲಿನ ದಾರದ ತುಂಬ ಒತ್ತೊತ್ತಾಗಿ ಸಣ್ಣ ಸಣ್ಣ ಕೊಂಬೆಗಳು. ಆ ಕೊಂಬೆಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದರಿಂದ ಗಾಳಿಗೆ ನುಸುಳಲು ಸಂದಿ ಸಿಗುವುದಿಲ್ಲ. ಟ್ಯೂಬಿಗೆ ಅದೇ ಬೇಕು. ಆದರೆ ಎಳೆದು ಬಿಟ್ಟಾಗ ಅದೇ ಕೊಂಬೆಗಳು ಒಂದಕ್ಕೊಂದು ಉಜ್ಜಿ ತಡೆಯುತ್ತವೆ. ನಾವು ಎಳೆಯುವಾಗ ಹಾಕಿದ ಬಲದಲ್ಲಿ ದೊಡ್ಡ ಪಾಲು ಒಳಗೇ ಬಿಸಿಯಾಗಿ ಹೋಗಿಬಿಡುತ್ತದೆ. ಗುಂಡಿಗೆ ಸಿಗುವುದು ಉಳಿದದ್ದು. ಗಾಳಿಯನ್ನು ಹಿಡಿದಿಡುವ ಗುಣವೂ ಹಾರಲು ಬಿಡದ ಗುಣವೂ ಒಂದೇ ಕಡೆಯಿಂದ ಬಂದಿವೆ. ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಇದನ್ನು ಕೈಯಿಂದ ಕಂಡುಕೊಂಡಿದ್ದರು. ಅವರ ಮಾತನ್ನು ಆವತ್ತೇ ಪೂರ್ತಿ ಕೇಳಿಸಿಕೊಳ್ಳಲಿಲ್ಲವಲ್ಲ ಅನ್ನುವ ಬೇಸರ ನನಗಿದೆ.

ಕಂಡುಹಿಡಿಯುವುದು ಸುಲಭ. ಉಂಗುರವನ್ನು ಎಳೆದು ಮೇಜಿನ ಮೇಲೆ ಸಡಿಲ ಬಿಡಿ. ಮರದ ರಬ್ಬರಾದರೆ ಚಕ್ ಅಂತ ತನ್ನ ಅಳತೆಗೆ ಬಂದುಬಿಡುತ್ತದೆ. ಬ್ಯೂಟೈಲ್ ಕೊನೆಯ ಸ್ವಲ್ಪ ದೂರವನ್ನು ಎಲೆಯ ಮೇಲಿನ ಹುಳುವಿನ ಹಾಗೆ ನಿಧಾನಕ್ಕೆ ಕ್ರಮಿಸುತ್ತದೆ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಇನ್ನೊಂದು ಪರೀಕ್ಷೆ ತುಟಿಯದು. ಅಗಲವಾದ ಬ್ಯಾಂಡನ್ನು ಫಕ್ಕನೆ ಎಳೆದು ತಕ್ಷಣ ಮೇಲ್ದುಟಿಗೆ ಮುಟ್ಟಿಸಿ. ಬೆಚ್ಚಗಿರುತ್ತದೆ. ಹಾಗೇ ಎಳೆದು ಹಿಡಿದು ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ಸಡಿಲಿಸಿ ಮುಟ್ಟಿಸಿ. ತಣ್ಣಗಿರುತ್ತದೆ. ಇದನ್ನು ಇಂಗ್ಲೆಂಡಿನ ಕೆಂಡಾಲ್ ಊರಿನ ಜಾನ್ ಗಾಫ್ ಅನ್ನುವವರು 1805ರಲ್ಲಿ ಬರೆದು ಪ್ರಕಟಿಸಿದರು. ಅವರೂ ತುಟಿಗೆ ಮುಟ್ಟಿಸಿಯೇ ಕಂಡುಕೊಂಡದ್ದು. ಗಾಫ್ ಚಿಕ್ಕ ಮಗುವಾಗಿದ್ದಾಗಲೇ ಸಿಡುಬಿನಿಂದ ಕಣ್ಣು ಕಳೆದುಕೊಂಡವರು. ಐವತ್ತು ಚಿಲ್ಲರೆ ವರ್ಷ ಕಳೆದ ಮೇಲೆ, 1859ರಲ್ಲಿ, ಜೇಮ್ಸ್ ಜೂಲ್ ಅದನ್ನೇ ಉಪಕರಣ ಇಟ್ಟು ಅಳೆದರು. ಇವತ್ತಿಗೂ ಅದಕ್ಕೆ ಇಬ್ಬರ ಹೆಸರೂ ಇದೆ. ಗಾಫ್ ಬಗ್ಗೆ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಟ್ಯೂಬನ್ನು ತುಟಿಗೆ ಹಿಡಿದು ಕಣ್ಣು ಮುಚ್ಚಿದ ಚಿಕ್ಕಪ್ಪನ ಮುಖ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹೇಳಲು ಇಷ್ಟವಿಲ್ಲ, ಆದರೆ ಮಕ್ಕಳಿರುವ ಮನೆಯವರು ಓದುತ್ತಿರಬಹುದು.

ಏಳನೇ ಕ್ಲಾಸಿನಲ್ಲಿ ನಾನು ಇನ್ನೊಂದು ಥರದ ಗುಂಡು ಮಾಡುತ್ತಿದ್ದೆ. ಕಾಗದದ್ದು. ನೋಟ್ ಬುಕ್ಕಿನ ಹಾಳೆಯನ್ನು ಬಿಗಿಯಾಗಿ ಸುತ್ತಿ, ನಡುವೆ ಮಡಚಿದರೆ ಗುಂಡು ತಯಾರು. ಹೆಬ್ಬೆರಳು ತೋರುಬೆರಳ ನಡುವೆ ರಬ್ಬರ್ ಬ್ಯಾಂಡ್ ಹಾಕಿ, ಈ ಮಡಚಿದ ಕಾಗದವನ್ನು ಅದಕ್ಕೆ ಸಿಕ್ಕಿಸಿ ಎಳೆದು ಬಿಡುವುದು. ಎಲ್ಲ ಸ್ಕೂಲಲ್ಲೂ ಇದು ಇತ್ತು ಅಲ್ವಾ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಅವನ್ನು ಅನ್ನ ಬಸಿದ ಗಂಜಿಯಲ್ಲಿ ಅದ್ದಿ ಬಿಸಿಲಿಗೆ ಒಣಗಿಸುತ್ತಿದ್ದೆ. ಒಣಗಿದ ಮೇಲೆ ಮರದ ಚಕ್ಕೆಯಷ್ಟು ಗಟ್ಟಿ. ಎರಡು ಗೋಲಿಗೆ ಹತ್ತು ಗುಂಡಿನಂತೆ ಹಂಚುತ್ತಿದ್ದೆ. ಒಂದು ಮಧ್ಯಾಹ್ನ ಊಟದ ಬೆಲ್ಲಿನಲ್ಲಿ ನಾನು ಮಾಡಿಕೊಟ್ಟ ಗುಂಡು ನನ್ನ ಪಕ್ಕದಲ್ಲೇ ಕೂರುತ್ತಿದ್ದ ಹುಡುಗನ ಕಣ್ಣಿಗೆ ಬಡಿಯಿತು. ಅವನು ಕೂಗಲಿಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಬೆರಳ ಸಂದಿಯಿಂದ ನೀರು ಸುರಿಯುತ್ತಿತ್ತು. ಬಿಳಿಗುಡ್ಡೆಯಲ್ಲಿ ರಕ್ತ ಕಟ್ಟಿತ್ತು. ದೃಷ್ಟಿ ಹೋಗಲಿಲ್ಲ, ಅದು ಅವನ ಪುಣ್ಯ, ನನ್ನ ಪುಣ್ಯ. ಮೂರು ವಾರ ಅವನು ಹಸಿರು ಬಟ್ಟೆ ಕಟ್ಟಿಕೊಂಡು ಸ್ಕೂಲಿಗೆ ಬಂದ. ಆ ಮೂರು ವಾರ ನಾನು ಅವನ ನೋಟ್ಸ್ ಬರೆದುಕೊಟ್ಟೆ. ಹಾರಿಸಿದವನು ಬೇರೆಯವನು. ಮಾಡಿದವನು ನಾನು.

ಸುದ್ದಿ ಮನೆಗೆ ಬಂತು. ಚಿಕ್ಕಪ್ಪ ನನ್ನನ್ನು ಹೊಡೆಯಲಿಲ್ಲ. ಅಂಗಡಿಯ ಕತ್ತರಿಯನ್ನು ತೆಗೆದು ಅಟ್ಟದ ಮೇಲಿಟ್ಟರು. ಯುಗಾದಿ ಕಳೆದು ರಜೆ ಶುರುವಾದ ಮೇಲೆ ಅವರೇ ಇಳಿಸಿ ಕೈಗೆ ಕೊಟ್ಟರು. "ರಬ್ಬರ್ ಮಾತ್ರ ಹಾರಬೇಕು. ಅದಕ್ಕೆ ಇನ್ನೇನೂ ಸಿಕ್ಕಿಸಬಾರದು. ಕಾಗದ, ಕಡ್ಡಿ, ಪಿನ್ನು, ಕಲ್ಲು, ಯಾವ್ದೂ. ಮುಖ ಇರೋ ಕಡೆ ತಿರುಗಿಸ್ಬಾರ್ದು" ಅಂದರು. ಅದಕ್ಕಿಂತ ಜಾಸ್ತಿ ಮಾತಾಡಲಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಅದೇ ಕಾನೂನು. ಉಂಗುರ ಮಾತ್ರ. ಹಾರಿಸುವವರು, ಪಕ್ಕ ನಿಂತವರು ಎಲ್ಲರಿಗೂ ಕನ್ನಡಕ. ಗುರಿ ಬೆಂಕಿಪೊಟ್ಟಣ, ಪ್ಲಾಸ್ಟಿಕ್ ಲೋಟ, ಇಸ್ಪೀಟಿನ ಎಲೆ. ಹಲ್ಲಿ ಇಲ್ಲ, ಪಾರಿವಾಳ ಇಲ್ಲ, ನಾಯಿ ಅಂತೂ ಇಲ್ಲವೇ ಇಲ್ಲ. ಬರಿ ಉಂಗುರ ಹಗುರ, ಚಪ್ಪಟೆ. ಗಾಳಿ ಅದನ್ನು ಬೇಗ ತಡೆಯುತ್ತದೆ. ದೂರ ಹೋಗುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ನಾನು ಹೇಳುವುದು, ಅದೇ ಅದರ ಒಳ್ಳೆಯತನ. ಆದರೂ ಹತ್ತಿರದಿಂದ ಕಣ್ಣಿಗೆ ಬಿದ್ದರೆ ಬರಿ ಉಂಗುರವೂ ಕೆಟ್ಟದ್ದೇ.

ಮತ್ತೆ ಗುಂಡಿನ ಮಾತಿಗೆ ಬರುತ್ತೇನೆ. ಮರದ ರಬ್ಬರ್ ಬೇಕು ಅಂತ ಗೊತ್ತಾಯಿತು. ಎಲ್ಲಿ ಹುಡುಕುವುದು? ಚೌತಿ ರಜೆಗೆ ಸುಳ್ಯದ ಹತ್ತಿರದ ಗೆಳೆಯನ ಮನೆಗೆ ಹೋಗಿದ್ದಾಗ ಮಗಳು ಮರವನ್ನೇ ನೋಡಿಬಿಟ್ಟಳು. ಆ ಕಡೆಯೆಲ್ಲ ರಬ್ಬರ್ ತೋಟ. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ದೊಡ್ಡ ತೋಟಗಳೂ ಇವೆ. ಭಾರತ ಮತ್ತು ಶ್ರೀಲಂಕಾ ನಡುವೆ 1964ರಲ್ಲಿ ಆದ ಒಪ್ಪಂದದ ಮೇಲೆ ಅಲ್ಲಿಂದ ವಾಪಸ್ ಬಂದ ತಮಿಳು ಕುಟುಂಬಗಳಿಗೆ ಆ ತೋಟಗಳಲ್ಲಿ ಕೆಲಸ ಕೊಟ್ಟರು. ಅವರ ಮಕ್ಕಳು, ಮೊಮ್ಮಕ್ಕಳು ಈಗಲೂ ಆ ಭಾಗದಲ್ಲಿದ್ದಾರೆ.

ಬೆಳಗಿನ ಜಾವವೇ ಟ್ಯಾಪಿಂಗ್, ಅಂದರೆ ತೊಗಟೆ ಗೀರಿ ಹಾಲು ಇಳಿಸುವುದು. ಬಿಸಿಲು ಏರಿದರೆ ಹಾಲು ಕಡಿಮೆಯಾಗುತ್ತದೆ. ಮಳೆ ನೀರು ಬೀಳದ ಹಾಗೆ ಪ್ರತಿ ಮರಕ್ಕೂ ಪ್ಲಾಸ್ಟಿಕ್ಕಿನ ಲಂಗ ಉಡಿಸಿರುತ್ತಾರೆ. ಅದರಡಿ ಓರೆಯಾಗಿ ಗೀರಿದ ಗೆರೆ, ಗೆರೆಯ ಕೊನೆಗೆ ಗೆರಟೆ. ಹಾಲು ತೊಟ್ಟಿಕ್ಕುವುದನ್ನು ಮಗಳು ಉಸಿರು ಬಿಗಿಹಿಡಿದು ನೋಡಿದಳು. ಹಿಂದಿನ ದಿನದ ಹಾಲು ಗೆರೆಯಲ್ಲೇ ಒಣಗಿ ದಾರದ ಹಾಗೆ ಆಗಿತ್ತು. ಗೆಳೆಯನ ಮಗ ಅದನ್ನು ತುದಿಯಿಂದ ಸರ್ರನೆ ಸುಲಿದು ಕೊಟ್ಟ. ಅಲ್ಲಿನ ಮಕ್ಕಳು ಅದನ್ನು ಸುತ್ತಿ ಸುತ್ತಿ ಪುಟಿಯುವ ಚೆಂಡು ಮಾಡುತ್ತಾರೆ. ಇವಳು ಗಂಟು ಹಾಕಿ ಉಂಗುರ ಮಾಡಿ ಎಳೆದಳು. ಮೊದಲು ಚೆನ್ನಾಗೇ ಎಳೆಯಿತು. ನಾಲ್ಕು ಸಲ ಎಳೆಯುವುದರಲ್ಲಿ ಸಡಿಲವಾಗಿ, ಬೆರಳಿಗೆ ಅಂಟಿಕೊಂಡಿತು.

ಹಸಿ ರಬ್ಬರಿನ ಕಷ್ಟ ಇದೇ. ಸೆಖೆಗೆ ಅಂಟು, ಚಳಿಗೆ ಗಟ್ಟಿ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಬಿಸಿ ಮಾಡಿದರೆ ಹದವಾಗುತ್ತದೆ ಅಂತ ಕಂಡುಕೊಂಡ ಮೇಲೆಯೇ ರಬ್ಬರ್ ಸರಿಯಾಗಿ ಕೆಲಸಕ್ಕೆ ಬಂದದ್ದು. ಗಂಧಕ ಆ ದಾರಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಎಳೆದರೂ ದಾರಗಳು ಜಾರಿ ಬೇರೆಯಾಗದೆ ಮತ್ತೆ ಸ್ವಸ್ಥಾನಕ್ಕೆ ಬರುತ್ತವೆ. ಆರು ವರ್ಷದ ಮೇಲೆ, 1845ರ ಮಾರ್ಚ್ 17ರಂದು, ಲಂಡನ್ನಿನ ಸ್ಟೀಫನ್ ಪೆರ್ರಿ ಕಾಗದ ಪತ್ರ ಕಟ್ಟಿಡಲು ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದರು.

ಅವತ್ತು ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂತು. ಊಟಕ್ಕೆ ಕೂತಿದ್ದೆವು. ತೋಟದಲ್ಲಿ ಟಪ್ ಅಂತ ಸದ್ದು. ಸ್ವಲ್ಪ ಹೊತ್ತಿಗೆ ಶೆಡ್ಡಿನ ತಗಡಿನ ಮೇಲೆ ಟಣ್. ಮಗಳು ಬೆಚ್ಚಿಬಿದ್ದಳು. ಗೆಳೆಯನ ಅಮ್ಮ ನಕ್ಕು, "ಹೆದರಬೇಡ ಮಗಾ, ರಬ್ಬರ್ ಕಾಯಿ ಒಡೆಯುವುದು" ಅಂದರು. ಮೂರು ಕೋಣೆಯ ಕಾಯಿ. ಒಣಗುತ್ತಾ ಒಣಗುತ್ತಾ ಸಿಪ್ಪೆ ತಿರುಚಿಕೊಳ್ಳುತ್ತದೆ, ತಡೆಯಲಾಗದೆ ಒಮ್ಮೆಗೇ ಸಿಡಿದು ಬೀಜವನ್ನು ಎಸೆಯುತ್ತದೆ. ಮರದಿಂದ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಅವಳು ಬೀಜ ಹೆಕ್ಕಿದಳು. ನುಣ್ಣಗೆ, ಕಂದು ಚುಕ್ಕೆಯ ಬೀಜ. ಎರಡೂ ಕಿಸೆ ತುಂಬಿಕೊಂಡಳು. ಬಾಯಿಗೆ ಹಾಕಬಾರದು, ವಿಷ ಇದೆ ಅಂತ ಗೆಳೆಯನ ಅಮ್ಮ ಎಚ್ಚರಿಸಿದರು.

"ಅಪ್ಪಾ, ರಬ್ಬರ್ ಮರಕ್ಕೆ ಮೊದಲೇ ಹಾರಿಸೋಕೆ ಬರುತ್ತಿತ್ತು" ಅಂದಳು. ಆ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ಕೊನೆಗೆ ನಮಗೆ ಮರದ ರಬ್ಬರ್ ಸಿಕ್ಕಿದ್ದು ಮೂರು ಕಡೆಯಿಂದ. ಬಲೂನು ಮರದ ರಬ್ಬರೇ. ಆದರೆ ತೆಳು, ಒಂದೆರಡು ಸಲಕ್ಕೆ ಸರಿ. ಲೇಟೆಕ್ಸ್ ಕೈಗವಸಿನ ಮಣಿಕಟ್ಟಿನ ಭಾಗದಿಂದ ಅಗಲವಾದ ಒಳ್ಳೆಯ ಉಂಗುರಗಳು ಬರುತ್ತವೆ. ನೀಲಿ ಬಣ್ಣದ ನೈಟ್ರೈಲ್ ಗವಸು ಬೇಡ, ಅದು ಎಳೆದಲ್ಲೇ ನಿಲ್ಲುತ್ತದೆ. ಮೂರನೆಯದು ಕೆಂಪು ಟ್ಯೂಬೇ. ಅದೇ ಸೈಕಲ್ ಅಂಗಡಿಯವರು ತಿಂಗಳ ಮೇಲೆ ಫೋನ್ ಮಾಡಿದರು. "ಸಾರ್, ನೀವು ಕೇಳಿದ್ರಲ್ಲ, ಅಜ್ಜನ ಕಾಲದ್ದೊಂದು ಗಾಡಿ ಬಂದಿದೆ." ಓಡಿಹೋದೆ. ಅಟ್ಟದ ಮೇಲೆ ವರ್ಷಾನುಗಟ್ಟಲೆ ಇದ್ದ ಸೈಕಲ್ಲು. ಹಿಂದಿನ ಟ್ಯೂಬು ಹಪ್ಪಳವಾಗಿತ್ತು. ಮರದ ರಬ್ಬರಿಗೆ ಬಿಸಿಲೂ ಗಾಳಿಯೂ ಆಗಿಬರುವುದಿಲ್ಲ, ಗಾಳಿಯಲ್ಲಿನ ಓಝೋನ್ ಎಳೆತದಲ್ಲಿರುವ ರಬ್ಬರನ್ನು ಸೀಳಿಬಿಡುತ್ತದೆ. ಮುಂದಿನ ಟ್ಯೂಬಿನಲ್ಲಿ ಎರಡು ಗೇಣು ಉದ್ದ ಮಾತ್ರ ಮೆತ್ತಗೆ, ಇಟ್ಟಿಗೆ ಬಣ್ಣದಲ್ಲಿ ಉಳಿದಿತ್ತು.

ಎರಡು ಗೇಣು. 4 ಮಿಲಿಮೀಟರಿನಂತೆ ನೂರರ ಆಸುಪಾಸು ಉಂಗುರ. ಮಗಳೇ ಕತ್ತರಿಸಿದಳು. ನಾನು ನೀರಿನ ಬಟ್ಟಲು ಹಿಡಿದು ಕೂತೆ. ಮೊದಲನೆಯದನ್ನು ಗನ್ನಿಗೆ ಹಾಕಿ ಒತ್ತಿದಾಗ ಚಟ್ ಅಂತ ಗೋಡೆಗೆ ಬಡಿಯಿತು. 18 ಅಡಿ. ಬಡಿದು, ಅರ್ಧ ಹಾಲು ವಾಪಸ್ ಬಂತು.

ಆ ಉಂಗುರಗಳನ್ನು ನಾವು ಗನ್ನಿಗೆ ಹಾಕಿ ಹಾಗೇ ಬಿಡುವುದಿಲ್ಲ. ರಾತ್ರಿಯೆಲ್ಲ ಎಳೆದಿಟ್ಟರೆ ಬೆಳಿಗ್ಗೆ ಅದರ ಬಲ ಕುಗ್ಗಿರುತ್ತದೆ. ಸ್ವಲ್ಪ ಪೌಡರ್ ಸವರಿ, ಮುಚ್ಚಳದ ಡಬ್ಬಿಯಲ್ಲಿ, ಕತ್ತಲ ಕಪಾಟಿನಲ್ಲಿ. ಹಾರಿಸಿದ ಮೇಲೆ ಒಂದೊಂದನ್ನೂ ಹುಡುಕಿ ತರುತ್ತೇವೆ. ಕಪ್ಪಿನವು ಹೋದರೆ ಹೋಗಲಿ, ಕೆಂಪಿನ ಲೆಕ್ಕ ಮಗಳ ಹತ್ತಿರ ಇದೆ. ಇವತ್ತಿಗೆ 71.

ಸಂಕ್ರಾಂತಿಗೆ ಅರಸೀಕೆರೆಗೆ ಹೋದೆವು. ಚಿಕ್ಕಪ್ಪನಿಗೆ ಈಗ 80ರ ಮೇಲೆ. ಅಂಗಡಿ ಮುಚ್ಚಿ ಬಹಳ ವರ್ಷವಾಯಿತು. ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದು ಮಬ್ಬು. ಜಗುಲಿಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ಎಳ್ಳು ಬೆಲ್ಲ ಕೊಟ್ಟು ಕಾಲಿಗೆ ಬಿದ್ದ ಮೇಲೆ ಮಗಳು ಡಬ್ಬಿ ತೆರೆದು, ಏನೂ ಹೇಳದೆ ಒಂದು ಉಂಗುರವನ್ನು ಅವರ ಅಂಗೈಗೆ ಹಾಕಿದಳು.

ಅವರು ಅದನ್ನು ನೋಡಲು ಹೋಗಲಿಲ್ಲ. ಎರಡು ಹೆಬ್ಬೆರಳಿಗೆ ಸಿಕ್ಕಿಸಿ ಒಮ್ಮೆ ಎಳೆದರು. ಕಣ್ಣು ಮುಚ್ಚಿ, ಎಳೆದದ್ದನ್ನು ಹಾಗೇ ಮೇಲ್ದುಟಿಗೆ ತಾಗಿಸಿದರು. ಆಮೇಲೆ ಅಂಚಿನ ಮೇಲೆ ಉಗುರಾಡಿಸಿ, ಸುತ್ತಲೂ ನಿಧಾನವಾಗಿ ತಿರುಗಿಸಿದರು.

"ಕೆಂಪು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕತ್ತರಿ ಒದ್ದೆ ಮಾಡ್ಕೊಂಡಿದ್ದೀಯ. ಯಾರು ಹೇಳಿಕೊಟ್ಟಿದ್ದು ಪುಟ್ಟಿ?"

ಮಗಳು ನನ್ನ ಕಡೆ ಕೈ ತೋರಿಸಿದಳು. ಅವರಿಗೆ ಕಾಣಲಿಲ್ಲವೇನೋ, "ಹ್ಞಾಂ?" ಅಂದರು.

"ಅಪ್ಪ ಹೇಳಿಕೊಟ್ರು ತಾತ. ಅಪ್ಪಂಗೆ ನೀವು ಹೇಳಿಕೊಟ್ರಂತೆ."

ಚಿಕ್ಕಪ್ಪ ಉಂಗುರವನ್ನು ವಾಪಸ್ ಕೊಡಲಿಲ್ಲ. ಕಿರುಬೆರಳಿಗೆ ಹಾಕಿಕೊಂಡು, ಕಾಂಪೌಂಡ್ ಕಡೆ ಮುಖ ತಿರುಗಿಸಿ, "ಆ ಬೆಂಕಿಪೊಟ್ಟಣ ಇಡು, ನೋಡೋಣ" ಅಂದರು.